ಹುಳದ ಬಾಯಾರು

ನಮ್ಮ ಮನೆಗೆ ಊಟಕ್ಕೆ ಬಂದವರು ಅಡುಗೆಯನ್ನು ಹೊಗಳುತ್ತಾರೆ. ಅಡುಗೆ ಹೊಗಳುವಂತಿಲ್ಲದಿದ್ದರೆ ಬಡಿಸಿದ ಕೈಯನ್ನು ಹೊಗಳುತ್ತಾರೆ. ಹುಳದ ಬಾಯಾರು ಮೊದಲ ಸಲ ಬೆಟಗೇರಿಯ ನಮ್ಮ ಮನೆಗೆ ಬಂದಾಗ ಎರಡನ್ನೂ ಮಾಡಲಿಲ್ಲ. ತಾಟಿನಲ್ಲಿದ್ದ ಹಸಿ ಮೆಂತ್ಯದ ತಪ್ಪಲನ್ನು ಬೆರಳ ತುದಿಯಿಂದ ಎತ್ತಿದರು, ಹೊಳ್ಳಿಸಿದರು, ಬೆಳಕಿಗೆ ಹಿಡಿದರು. ಆಮೇಲೆ ನನ್ನ ಹೆಂಡತಿಯ ಮುಖ ನೋಡಿ, "ಗಾಬರಿ ಆಗಬ್ಯಾಡವಾ, ಹುಳ ಸತ್ತೈತಿ" ಎಂದರು. ರೊಟ್ಟಿ ಮುರಿದು ಅದೇ ತಪ್ಪಲನ್ನು ಚಟ್ನಿಪುಡಿಯ ಜೊತೆ ಸಂತೋಷದಿಂದ ತಿಂದರು. ನನ್ನ ಹೆಂಡತಿ ಇವತ್ತಿಗೂ ಮೆಂತ್ಯದ ತಪ್ಪಲನ್ನು ಅರಿವೆ ಒಗೆದಂತೆ ಒಗೆಯುತ್ತಾಳೆ.

ಊಟವಾದ ಮೇಲೆ ನನ್ನ ಅಪ್ಪ, ತಾನು ಕೊನೆಗೆ ನೇಯ್ದು ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದ. ಬಂದವರಿಗೆಲ್ಲ ಅದನ್ನು ತೋರಿಸುವುದು ಅವನ ರೂಢಿ, ಬಂದವರೆಲ್ಲ "ಭಾಳ ಚಂದ ಐತ್ರಿ" ಅನ್ನುವುದು ಅವರ ರೂಢಿ. ಬಾಯಾರು ಏನೂ ಅನ್ನದೆ ಸೆರಗನ್ನು ಹೊಳ್ಳಿಸಿ ಹಿಂಬದಿ ನೋಡಿದರು. ಅಪ್ಪನ ಕಣ್ಣು ತುಂಬಿತು. "ಇಷ್ಟ ಮಂದಿ ನೋಡ್ಯಾರ, ಹೊಳ್ಳಿಸಿ ನೋಡಿದಾಕಿ ನೀನೊಬ್ಬಾಕಿ ನೋಡವಾ" ಎಂದ. ಮಗ್ಗದ ಮುಂದೆ ಅರ್ಧ ಆಯುಷ್ಯ ಕುಳಿತ ನನಗೆ ಅಂಥ ಮಾತು ಅವನು ಯಾವತ್ತೂ ಆಡಿರಲಿಲ್ಲ. ಅದಿರಲಿ.

ಬಾಯಾರು ಅಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳು. ಇವರು ಶಾಲೆ ಕಲಿಸಿದವರಲ್ಲ. ಲಕ್ಷ್ಮೇಶ್ವರದ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ, ಮನೆಯವರೆಲ್ಲ ಕಾಯಿಯ ಕೆಂಪನ್ನು ನೋಡಿ ಹಿಗ್ಗುವಾಗ ಇವರು ಕಾಯಿಯೊಳಗಿನ ತೂತು ನೋಡಿ ಹಿಗ್ಗಿದವರು. ಓದಿದ್ದು ಹುಳದ ವಿದ್ಯೆ, ಸಿಕ್ಕಿದ್ದು ಹುಳ ಲೆಕ್ಕ ಹಾಕುವ ನೌಕರಿ. ಶಿರಹಟ್ಟಿ, ಮುಂಡರಗಿ ಕಡೆಯ ಹತ್ತಿ, ಕಡಲೆ ಹೊಲಗಳನ್ನೆಲ್ಲ ತುಳಿದು, ಯಾವ ಊರಿಗೆ ಯಾವ ಕೀಡಿ ಎಷ್ಟು ಬಿದ್ದಿದೆ, ಬೆಳೆ ಎಷ್ಟು ಹೋಯಿತು ಎಂದು ವರದಿ ಬರೆದು, ಆ ವರದಿಗಳು ಎಲ್ಲಿಗೆ ಹೋದವೆಂದು ಯಾರನ್ನೂ ಕೇಳದೆ ನಿವೃತ್ತರಾದರು. ಕೊರಳಿಗೆ ಭೂತಗನ್ನಡಿ ಹಾಕಿಕೊಂಡು ಹೊಲದಲ್ಲಿ ಬಗ್ಗಿದವರನ್ನು ಕಂಡು ಊರ ಹುಡುಗರು ಇಟ್ಟ ಹೆಸರು ಹುಳದ ಬಾಯಾರು. ನಿಜವಾದ ಹೆಸರನ್ನು ಬರೆದರೆ ಅವರನ್ನು ಬಲ್ಲವರಿಗೂ ಗುರುತು ಹತ್ತಲಿಕ್ಕಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕುಳಿತರೆ ಹುಳಗಳೇ ನೆನಪಾಗುತ್ತಿವೆ. ಅವರಿಗೆ ಅದೇ ಇಷ್ಟವಾಗುತ್ತಿತ್ತು.

ನಾನು ಯಾರೆಂದು ಹೇಳಬೇಕು. ಹುಟ್ಟಿದ್ದು ಮಗ್ಗದ ಮನೆಯಲ್ಲಿ. ಮಗ್ಗಗಳು ಯಾವಾಗಲೋ ಮಾರಾಟವಾದವು. ಎಳೆ ಎಲ್ಲಿ ಹರಿಯುತ್ತದೋ ಎಂದು ಕಿವಿ ನಿಮಿರಿಸಿ ಕೂರುವ ಚಟಕ್ಕೆ ಮಾತ್ರ ಗಿರಾಕಿ ಸಿಗಲಿಲ್ಲ. ಆ ಚಟವನ್ನು ಕಟ್ಟಿಕೊಂಡು ನಾಲ್ಕಾರು ಕಡೆ ತಿರುಗಿ, ಕೊನೆಗೆ ಹಿರೇವಡ್ಡಟ್ಟಿಯ ಹತ್ತಿರ ಒಂದು ತೋಟಕ್ಕೆ ಮ್ಯಾನೇಜರನಾದೆ. ತೋಟದ ಬೆಳೆ ಲೆಟಿಸ್.

ನಗಬೇಡಿ. ನಾವು ಆಗಲೇ ನಕ್ಕು ಮುಗಿಸಿದ್ದೇವೆ.

ನಮ್ಮ ಮಾಲಕರು ಹುಬ್ಬಳ್ಳಿಯವರು. ತಣ್ಣನೆಯ ಕೋಣೆಯಲ್ಲಿ ಕುಳಿತು ಮುಂಡರಗಿಯ ಬಿಸಿಲನ್ನು ಬಹಳ ಪ್ರೀತಿಸುವವರು. ಯಾವುದೋ ದೇಶದ ಮರುಭೂಮಿಯಲ್ಲಿ ಸಾಲುಸಾಲಾಗಿ ಲೆಟಿಸ್ ಬೆಳೆದದ್ದನ್ನು ಮೊಬೈಲಿನಲ್ಲಿ ನೋಡಿ, "ಉಸುಕಿನ್ಯಾಗ ಬೆಳಿತೈತಿ, ಎರಿ ಮಣ್ಣಾಗ ಬೆಳ್ಯಾಕ ಏನ್ ಧಾಡಿ?" ಎಂದು ಎರೆಹೊಲದ ನಟ್ಟನಡುವೆ ನೆರಳುಪರದೆಗಳನ್ನು ಎಬ್ಬಿಸಿದರು. ಹೋಟೆಲಿನವರು ಎರಡು ಬ್ರೆಡ್ಡಿನ ನಡುವೆ ಇಡುವ ಆ ಎಲೆಯನ್ನು ನಮ್ಮ ಕೆಲಸದ ಹೆಂಗಸರು ಕಿತ್ತು ತಿಂದು ನೋಡಿ, "ಇಂಗ್ಲೀಷ್ ಹಕ್ಕರಕಿ" ಎಂದು ಹೆಸರಿಟ್ಟರು. ಹಕ್ಕರಕಿ ನಮ್ಮ ಎರೆಹೊಲಗಳಲ್ಲಿ ಯಾರೂ ಬಿತ್ತದೆ ಹುಟ್ಟುವ, ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪು. ಅದಕ್ಕೆ ಪರದೆ ಬೇಡ, ಮ್ಯಾನೇಜರ ಬೇಡ. ಇದಕ್ಕೆ ಎಲ್ಲ ಬೇಕು.

ಒಂದು ಸಲ ನಾವು ಕಳಿಸಿದ ಮಾಲಿನೊಳಗಿಂದ ಹಸಿರು ಕೀಡಿಯೊಂದು ಎದ್ದು ಬಂದು ಗಿರಾಕಿಗೆ ದರ್ಶನ ಕೊಟ್ಟಿತು. ಮಾಲು ಹೋದ ಗಾಡಿಯಲ್ಲೇ ಹೊಳ್ಳಿ ಬಂತು. ಮಾಲಕರು ಫೋನಿನಲ್ಲಿ ಹೇಳಿದ ಮಾತು ಚಿಕ್ಕದು: "ಇನ್ನೊಮ್ಮೆ ಹುಳ ಕಂಡ್ರ ಪರದಿ ಬಿಚ್ಚಿ ಮಾರ್ತೀನಿ. ನೀವೆಲ್ಲಾ ಮನಿಗೆ ಹೋಗ್ರಿ." ನನಗೆ ಹೋಗಲು ಮನೆಯಿದೆ, ಚಿಂತೆ ಮಾಡಲು ಅಲ್ಲಿ ಮೂಲೆಯೂ ಇದೆ. ಆದರೆ ಕಡಲೆ ಕಿತ್ತ ಮೇಲೆ ಮಳೆ ಬೀಳುವತನಕ ಸುತ್ತಲಿನ ಹೊಲಗಳಲ್ಲಿ ಕೆಲಸವಿಲ್ಲ. ಆ ಉರಿಬಿಸಿಲಿನಲ್ಲಿ ಹಿರೇವಡ್ಡಟ್ಟಿಯ ಹೆಂಗಸರಿಗೆ ಕೈಗೆ ಕೆಲಸ, ತಲೆಗೆ ನೆರಳು ಎರಡೂ ಇದ್ದದ್ದು ಆ ಪರದೆಯ ಕೆಳಗೆ ಮಾತ್ರ. ಅವರ ಮುಂದಾಳು ಶಿವಕ್ಕ, "ಹುಳಕ್ಕ ಹೆದರಿ ಮನಿಗೆ ಹೋಗೂದಾತಲ್ರಿ ನಮ್ಮ ಬಾಳೇವು" ಎಂದಳು. ಹಾಗೆ ನಾನು ಲಕ್ಷ್ಮೇಶ್ವರಕ್ಕೆ ಹೋಗಿ ಹುಳದ ಬಾಯಾರನ್ನು ಕರೆತಂದೆ.

ಬಂದವರೇ ಪರದೆಯೊಳಗೆ ಒಂದು ಸುತ್ತು ಹಾಕಿದರು. ಮಾಲಕರು ಮರುಭೂಮಿಯ ವಿಡಿಯೊ ತೋರಿಸಿದರು. ಬಾಯಾರು ಕೊನೆತನಕ ನೋಡಿ, ಮೊಬೈಲನ್ನು ಹೊಳ್ಳಿಸಿ ಅದರ ಹಿಂಬದಿಯನ್ನೂ ನೋಡಿ ವಾಪಸು ಕೊಟ್ಟರು.

"ಇದರಾಗ ಹುಳ ತೋರಿಸಿಲ್ಲಲ್ರಿ ಮಾಲಕರ."

"ಮರುಭೂಮಿಯೊಳಗ ಹುಳ ಎಲ್ಲಿಂದ ಬರ್ತಾವ್ರಿ?"

"ಸುತ್ತಾ ಬರೀ ನೆಲ, ನಡುವ ಇದೊಂದ ಹಸಿರು. ಇರೋ ಹುಳ ಎಲ್ಲಾ ಊಟಕ್ಕ ಇಲ್ಲೇ ಬರ್ಬೇಕು. ಅವಕ್ಕ ಬ್ಯಾರೆ ಖಾನಾವಳಿ ಎಲ್ಲಿ ಐತಿ? ಕಡ್ಲಿ ಕಿತ್ತ ಮ್ಯಾಲ ನಿಮ್ಮ ಹಿರೇವಡ್ಡಟ್ಟಿನೂ ಮರುಭೂಮಿನ."

ಪರದೆಯೊಳಗೆ ಅಲ್ಲಲ್ಲಿ ಹರಳೆಣ್ಣೆ ಸವರಿದ ಹಳದಿ ಹಾಳೆಗಳನ್ನು ತೂಗಹಾಕಿಸಿದರು. ಹಳದಿ ಬಣ್ಣಕ್ಕೆ ಮರುಳಾಗಿ ಬಂದ ಸಣ್ಣ ಹುಳಗಳು ಎಣ್ಣೆಗೆ ಅಂಟಿಕೊಳ್ಳುತ್ತವೆ. ಅಂಚಿಗೆ ಗಂಡು ಪತಂಗಗಳನ್ನು ಹೆಣ್ಣಿನ ವಾಸನೆ ತೋರಿಸಿ ಕರೆದು ಚೀಲಕ್ಕೆ ಕೆಡಹುವ ಬಲೆಗಳನ್ನು ನಿಲ್ಲಿಸಿದರು. ಆ ಬಲೆಯ ಕೆಲಸವನ್ನು ಅವರು ವಿವರಿಸುವಾಗ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕದ್ದು ನನಗೆ ಕೇಳಿಸಲಿಲ್ಲ ಎಂದು ನಟಿಸಿದೆ. ಹಾಳೆಗೆ, ಚೀಲಕ್ಕೆ ಎಷ್ಟು ಬಿದ್ದಿವೆ ನೋಡಿ, ಯಾವ ಪಟ್ಟಿಯ, ಅಂದರೆ ಯಾವ ಪಾತಿಯ, ಸೊಪ್ಪನ್ನು ಮೊದಲೇ ಕೊಯ್ಯಬೇಕು, ಯಾವುದನ್ನು ಕಿತ್ತು ಸುಡಬೇಕು ಎಂದು ಬಾಯಾರು ಹೇಳುತ್ತಿದ್ದರು. ಹೇಳಿ ಸುಮ್ಮನಾಗಿದ್ದರೆ ಅವರನ್ನು ದೇವರಂತೆ ನೋಡಿಕೊಳ್ಳುತ್ತಿದ್ದೆವು. ಅವರು ಗೇಟಿನ ಬಾಜೂಕೆ ಒಂದು ಕರಿಹಲಗೆ ತೂಗಹಾಕಿ, ಹಾದುಹೋಗುವವರೆಲ್ಲ ಓದುವ ಹಾಗೆ ಸುಣ್ಣದ ಕಡ್ಡಿಯಲ್ಲಿ ಬರೆಯತೊಡಗಿದರು. ಪಟ್ಟಿ. ಹಾನಿ. ಕಾರಣ. ಹಾನಿಯನ್ನು, ಪೂರ್ತಿ ಬೆಳೆಗೆ ಹದಿನಾರಾಣೆ ಎಂಬ ಹಳೆಯ ಕಾಲದ ಅಂದಾಜಿನಂತೆ, ಆಣೆಯಲ್ಲೇ ಹೇಳುವರು: ಈ ಪಟ್ಟಿ ಎರಡಾಣೆ ಹೋತು, ಆ ಪಟ್ಟಿ ನಾಕಾಣೆ ಹೋತು.

ಮಾಲಕರು ಹಲಗೆ ನೋಡಿ ಹೌಹಾರಿದರು. "ನಮ್ಮ ಹಾನಿ ನಾವ ಬಾಗಲಕ್ಕ ಬರದ ಹಾಕೂದೇನ್ರಿ?"

"ದೃಷ್ಟಿ ಆಗಬಾರ್ದಂತ ಬೂದಗುಂಬಳಕಾಯಿ ಕಟ್ಟೀರಲ್ಲ, ಇದನ್ನೂ ಹಂಗ ತಿಳಕೊಳ್ರಿ. ಹಾನಿ ಐತಿ ಅಂತ ಓದಿದ ಮ್ಯಾಲ ಯಾರ ಕಣ್ಣ ಹಾಕ್ತಾರ?"

ಮಾಲಕರು ಕುಂಬಳಕಾಯಿಯ ಕಡೆ ಒಮ್ಮೆ, ಹಲಗೆಯ ಕಡೆ ಒಮ್ಮೆ ನೋಡಿ ಕಾರು ಹತ್ತಿದರು. ದೃಷ್ಟಿಯ ವಿಷಯದಲ್ಲಿ ಎಮ್‌ಬಿಎ ಮಾಡಿದವರೂ ವಾದಕ್ಕೆ ನಿಲ್ಲುವುದಿಲ್ಲ.

ನನ್ನ ಚಿಂತೆಯ ಬಗ್ಗೆ ಬಾಯಾರಿಗೆ ಗೌರವವಿರಲಿಲ್ಲ. ಮೋಡ ಬಂದರೆ ಮಳೆಯಾದೀತೆಂದು, ಬರದಿದ್ದರೆ ಬಿಸಿಲಾದೀತೆಂದು, ಎರಡೂ ಇಲ್ಲದ ದಿನ ಇಷ್ಟು ಶಾಂತವೇಕೆಂದು ನಾನು ಕುರ್ಚಿಯಲ್ಲಿ ಕುಳಿತು ಚಡಪಡಿಸುತ್ತಿದ್ದೆ. ಅವರು ಒಂದು ದಿನ ನೋಡಿ ನೋಡಿ ಅಂದರು: "ನಿಮ್ಮ ಚಿಂತಿ ಭಾಳ ಮೈಗಳ್ಳ ಐತಿ ಮ್ಯಾನೇಜರ. ಕುಂತಲ್ಲೇ ಆಗಿ ಹೋಗತೈತಿ. ಎದ್ದು ಹೋಗಿ ಒಂದ ಎಲಿ ಹೊಳ್ಳಿಸಿ ನೋಡ್ರಿ. ಹುಳ ಇದ್ರ ಚಿಂತಿ ಮಾಡಾಕ ಒಂದ ಕಾರಣರ ಸಿಗತೈತಿ."

ಹೊಳ್ಳಿಸಿ ನೋಡುವುದು ಅವರಿಗೆ ಕೆಲಸವಾಗಿ ಉಳಿದಿರಲಿಲ್ಲ, ಮೈಗೆ ಹತ್ತಿತ್ತು. ಶಿರಹಟ್ಟಿಯ ಒಂದು ಮದುವೆಯಲ್ಲಿ ಎಲೆ ಅಡಿಕೆ ಕೊಟ್ಟರೆ ವೀಳ್ಯದೆಲೆಯನ್ನು ಹೊಳ್ಳಿಸಿ ನೋಡಿದರು. ಕೊಟ್ಟಾಕೆ ಹೆಣ್ಣಿನ ತಾಯಿ, ಗಂಡಿನ ಕಡೆಯವರು ಏನೋ ಕೊರತೆ ತೆಗೆದರೆಂದು ಅತ್ತೇ ಬಿಟ್ಟಳು. "ಹುಳ ಇಲ್ಲ" ಎಂದು ಯಾರಾದರೂ ಹೇಳಿದರೆ ಅವರ ಉತ್ತರ ತಯಾರು: "ಇಲ್ಲ ಅಂತ ಹೇಳಬ್ಯಾಡ. ನೋಡಿಲ್ಲ ಅಂತ ಹೇಳು."

ಇಂಥವರು ಮೋಸಹೋದದ್ದು ಹೇಗೆಂದು ಹೇಳದಿದ್ದರೆ ಈ ಚಿತ್ರ ಪೂರ್ತಿಯಾಗುವುದಿಲ್ಲ.

ಮೊದಮೊದಲು ಅವರು ಮನಸ್ಸು ಬಂದ ದಿನ ಬಸ್ಸಿಗೆ ಬರುತ್ತಿದ್ದರು. ಆಮೇಲೆ ಮೊಣಕಾಲು ಕೈಕೊಟ್ಟಿತು. ಕೈಕೊಟ್ಟಿತೆಂದು ಒಪ್ಪಿಕೊಳ್ಳುವ ಹೆಣ್ಣುಮಗಳಲ್ಲ. "ಬಸ್ಸಿನ ಮೆಟ್ಟಲಾ ಎತ್ತರ ಮಾಡ್ಯಾರ" ಎಂದರು. ನಾನು ಬುಧವಾರಕ್ಕೊಮ್ಮೆ ಗಾಡಿ ಕಳಿಸತೊಡಗಿದೆ. ನೆಲದ ಪಟ್ಟಿಗಳಿಗೆ ಬಗ್ಗಲು ಆಗದ ಕಾರಣ ಹೆಂಗಸರು ಎಲೆ ಕಿತ್ತು ತಂದು ಕೈಗೆ ಕೊಡುವರು, ಬಾಯಾರು ನಿಂತಲ್ಲೇ ಹೊಳ್ಳಿಸಿ ನೋಡುವರು. ಅದೇ ಹೊತ್ತಿಗೆ, ಹುಳ ಅತ್ತ ಸರಿಯಲೆಂದು ಅವರು ಪರದೆಯ ಸುತ್ತ ಹಚ್ಚಿಸಿದ್ದ ಚೆಂಡು ಹೂವು ಅರಳಿತು. ಮುಂದಿನ ಬುಧವಾರ ಹಳದಿ ಹಾಳೆಗಳು ಖಾಲಿ. ಪತಂಗದ ಚೀಲಗಳು ಖಾಲಿ. ತಂದುಕೊಟ್ಟ ಎಲೆಗಳು ಹಿಂದೆ ಮುಂದೆ ಕನ್ನಡಿಯ ಹಾಗೆ.

ಸುತ್ತಲೂ ಕಡಲೆ ಕಿತ್ತು ನೆಲ ಬರಿದಾಗಿತ್ತು. ಅವರದೇ ಮಾತಿನ ಪ್ರಕಾರ ಊರ ಹುಳವೆಲ್ಲ ನಮ್ಮಲ್ಲಿಗೆ ಊಟಕ್ಕೆ ಬರಬೇಕಾದ ಕಾಲ. ಬಾಯಾರು ಆ ಬುಧವಾರ ಹಲಗೆಯಲ್ಲಿ ಏನೂ ಬರೆಯದೆ ಹೋದರು. ಮುಂದಿನ ಬುಧವಾರವೂ ಹಾಗೇ ಆಯಿತು. ಅದರ ಮುಂದಿನ ಬುಧವಾರ ಅವರ ಮುಖದ ಮೇಲೆ ಒಂದು ಸಣ್ಣ ನಗು ಬಂದು ಕೂತಿತ್ತು. ಚೆಂಡು ಹೂವನ್ನು ಮಗಳ ಗಲ್ಲ ಸವರಿದ ಹಾಗೆ ಸವರಿ, "ನಾ ಸರ್ವಿಸಿನ್ಯಾಗ ಇದ್ದಾಗ ಈ ಹೂವಿನ ಸುದ್ದಿ ಎಷ್ಟ ಸಲ ಬರದೆ, ಯಾರೂ ಕೇಳಲಿಲ್ಲ" ಎಂದು ನನಗೆ ಹೇಳಿದರು. ಹಲಗೆಗೆ ಹೋಗಿ ದೊಡ್ಡ ಅಕ್ಷರದಲ್ಲಿ ಬರೆದರು: ಹಾನಿ ಇಲ್ಲ.

ನಾನು ಅವತ್ತು ಜೀವನದಲ್ಲಿ ಮೊದಲ ಸಲ ಚಿಂತೆ ಬಿಟ್ಟೆ. ನಿದ್ದೆ ಬರಲಿಲ್ಲ, ಅಭ್ಯಾಸವಿಲ್ಲ ನೋಡಿ.

ಮಾಲಕರಂತೂ ಕುಣಿದಾಡಿದರು. ಮಾಲು ವಾಪಸು ಕಳಿಸಿದ್ದ ಹೋಟೆಲಿನ ಖರೀದಿ ಸಾಹೇಬರನ್ನೇ ಒಂದು ಬುಧವಾರ ತೋಟಕ್ಕೆ ಊಟಕ್ಕೆ ಕರೆತಂದರು. ಆ ಸಾಹೇಬರು ಒಪ್ಪಿದರೆ ಪರದೆ ಉಳಿಯಿತು, ಇಲ್ಲದಿದ್ದರೆ ಬಿಚ್ಚಿತು ಎಂಬುದು ಅಡುಗೆಯ ಒಲೆಗೂ ಗೊತ್ತಿತ್ತು. ಹೆಂಗಸರು ಅಂಗಳ ಸಾರಿಸಿ ರಂಗೋಲಿ ಹಾಕಿದರು. ಎಲ್ಲರ ತಾಟಿಗೂ ರೊಟ್ಟಿ, ಎಣ್ಣೆಗಾಯಿ, ಪಕ್ಕಕ್ಕೆ ನಮ್ಮ ಇಂಗ್ಲೀಷ್ ಹಕ್ಕರಕಿ. ಅದನ್ನು ಮಾಲಕರು ತಾವೇ ಒಂದು ಪಟ್ಟಿಯಿಂದ ಆಗಷ್ಟೇ ಕಿತ್ತು ತಂದಿದ್ದರು. ತಾಜಾತನಕ್ಕಂತೆ.

ಬಾಯಾರು ನನ್ನ ಎದುರಿಗೆ ಕುಳಿತಿದ್ದರು. ರೂಢಿಯಂತೆ ಎಲೆ ಎತ್ತಿದರು, ಹೊಳ್ಳಿಸಿದರು. ಅವರ ಕೈ ನಿಂತುಬಿಟ್ಟಿತು. ಎಲೆಯ ನರದ ಬದಿಯಲ್ಲಿ ಹಸಿರು ಕೀಡಿಯೊಂದು ಬೆನ್ನು ಕಮಾನು ಮಾಡಿ ನಡೆದಿತ್ತು. ಅದನ್ನು ಕಂಡವರು ನಾವಿಬ್ಬರೇ. ನಾನು ಕಣ್ಣಿನಲ್ಲೇ ಕೈಮುಗಿದೆ: ನುಂಗಿಬಿಡ್ರಿ ಬಾಯಾರ. ಅವತ್ತು ಮೆಂತ್ಯದ ತಪ್ಪಲನ್ನು ನುಂಗಿದ್ದಿರಿ. ಅದು ಸತ್ತಿತ್ತು, ಇದು ಬದುಕಿದೆ, ಅಷ್ಟೇ ಫರಕು.

ಅವರು ನನ್ನನ್ನು ನೋಡಿದರು. ಆಮೇಲೆ ಸಾಹೇಬರ ಕಡೆ ತಿರುಗಿ, "ಸಾಹೇಬ್ರ, ತಿನ್ನೂಕಿಂತ ಮೊದಲ ನಿಮ್ಮ ಎಲಿನೂ ಒಂದಿಷ್ಟ ಹೊಳ್ಳಿಸಿ ನೋಡ್ರಿ" ಎಂದರು.

ಊಟ ಅಲ್ಲಿಗೆ ನಿಂತಿತು. ಎಲ್ಲರೂ ಪರದೆಯೊಳಗೆ ಹೋದೆವು. ಬಾಯಾರು ಶಿವಕ್ಕನ ಹೆಗಲು ಹಿಡಿದು, ಹಲ್ಲು ಕಚ್ಚಿ, ನೆಲಕ್ಕೆ ಕುಳಿತರು. ಕೋಸಿನಂತೆ ಸುತ್ತಿಕೊಂಡಿದ್ದ ಒಂದು ಗಡ್ಡೆಯನ್ನು ಬಿಡಿಸಿದರು. ಹೊರಗಿನ ಎಲೆ ಅಂಗಡಿಯ ಬೋರ್ಡಿನಂತೆ, ಒಳಗೆ ಸಸ್ಯಹೇನು, ಹಿಕ್ಕೆ, ಕೀಡಿ. ಇನ್ನೊಂದು ಬಿಡಿಸಿದರು. ಅದೂ ಅದೇ. ತಲೆಯ ಮೇಲೆ ಹಳದಿ ಹಾಳೆಗಳು ಹಬ್ಬದ ತೋರಣದಂತೆ ಸ್ವಚ್ಛವಾಗಿ ತೂಗುತ್ತಿದ್ದವು.

"ಒಳಗ ಇಷ್ಟ ಹುಳ, ಹಾಳಿಗೆ ಒಂದೂ ಇಲ್ಲ?" ಎಂದರು ಬಾಯಾರು, ಯಾರನ್ನೂ ಕೇಳದೆ.

ಶಿವಕ್ಕ ಅಭಿಮಾನದಿಂದ ಹೇಳಿದಳು: "ಹೆಂಗ ಇರ್ತಾವ್ರೀ ಬಾಯಾರ? ನೀವ್ ಬರ್ತೀರಂತ ಪ್ರತಿ ಮಂಗಳವಾರ ಸಂಜಿಗೆ ಎಲ್ಲಾ ಹಾಳಿ ಒರಸಿ, ಹೊಸಾ ಎಣ್ಣಿ ಹಚ್ಚಿ ಇಡ್ತೀವಿ. ಚೀಲಾನೂ ಝಾಡಿಸಿ ತೊಳೀತೀವಿ."

ಬಾಯಾರು ಕತ್ತೆತ್ತಿ ಹಾಳೆಗಳನ್ನೇ ನೋಡಿದರು. ಶಿವಕ್ಕನಿಗೆ ಏನೋ ತಪ್ಪಿದೆ ಅನ್ನಿಸಿತು. ದನಿ ಇಳಿಯಿತು. "ಮೊದಲ ನೀವು ಯಾವಾಗ ಬರ್ತೀರಿ ಗೊತ್ತಿರ್ತಿದ್ದಿಲ್ಲ. ಬುಧವಾರ ಅಂತ ಗೊತ್ತಾದ ಮ್ಯಾಲ ಹೊಲಸ ಹಂಗ ಇಡೂದ ಹೆಂಗ್ರಿ? ಬರೋರ ಮುಂದ ಮರ್ಯಾದಿ ಬ್ಯಾಡೇನು?"

"ಮತ್ತ ಎಲಿ?"

"ಚಲೋ ಚಲೋ ಎಲಿ ಆರಿಸಿ, ತೊಳದು ಕೊಡ್ತಿದ್ವಿ. ಹುಳ ಬಿದ್ದಿದ್ದ ನಿಮ್ಮ ಕೈಯಾಗ ಕೊಡಾಕ ನಾಚಿಕಿ ಬರಂಗಿಲ್ಲೇನ್ರಿ?"

ಖರೀದಿ ಸಾಹೇಬರು "ನೋಡೋಣ" ಎಂದು ಹೇಳಿ ಹೊರಟರು. ಆ ಮಾತನ್ನು ಅವರು ಕಾರಿನ ಬಾಗಿಲು ಹಾಕಿಕೊಳ್ಳುತ್ತ ಆಡಿದ್ದರಿಂದ ನೋಡುವುದು ಬಾಕಿ ಏನೂ ಉಳಿದಿಲ್ಲವೆಂದು ತಿಳಿಯಿತು. ಮಾಲಕರ ಮುಖ ಒಣಮೆಣಸಿನಕಾಯಿಯ ಬಣ್ಣಕ್ಕೆ ಬಂದಿತ್ತು. "ಮ್ಯಾನೇಜರ, ಈ ಹೆಣಮಕ್ಕಳನ್ನೆಲ್ಲಾ ಇವತ್ತ ಕೆಲಸದಿಂದ ಬಿಡಿಸ್ರಿ. ಈ ಶಿವಕ್ಕನ್ನ ಮೊದಲು" ಎಂದರು.

ಬಾಯಾರು ಶಿವಕ್ಕನ ಹೆಗಲು ಹಿಡಿದೇ ಎದ್ದರು. ಕುಂಟುತ್ತ ಗೇಟಿನ ತನಕ ಹೋದರು. "ಹಾನಿ ಇಲ್ಲ" ಎಂಬ ತಮ್ಮ ಅಕ್ಷರವನ್ನು ಸೆರಗಿನಿಂದ ಒರೆಸಿದರು. ಪಟ್ಟಿ: ಎಲ್ಲಾ. ಹಾನಿ: ಹನ್ನೆರಡಾಣೆ. ಕಾರಣದ ಕೆಳಗೆ ದಪ್ಪಗೆ ಬರೆದರು: ಹುಳದ ಬಾಯಾರು.

"ಮಾಲಕರ, ಯಾರನ್ನ ಬಿಡಸೂದಿದ್ರೂ ಕಾರಣ ಓದಿ ಬಿಡಸ್ರಿ. ಅವ್ರು ಒರಸ್ಯಾರ, ಖರೆ. ಒರಸೂದು ಅವರ ಸಂಸ್ಕಾರ. ಬಗ್ಗಿ ನೋಡೂದು ನನ್ನ ಕೆಲಸ. ಹೂವ ನೋಡಿ ಹಿಗ್ಗಿ ನಾ ಬಗ್ಗಲಿಲ್ಲ."

ಮಾಲಕರು ಹಲಗೆ ಓದಿದರು. ರಸ್ತೆಯಲ್ಲಿ ಹೊರಟಿದ್ದ ಟ್ರ್ಯಾಕ್ಟರಿನವನೂ ನಿಲ್ಲಿಸಿ ಓದಿದ. ಸಾಕ್ಷಿ ಹೆಚ್ಚಾಗುವುದು ಮಾಲಕರಿಗೆ ಯಾವತ್ತೂ ಸೇರುತ್ತಿರಲಿಲ್ಲ. "ಹಂಗಿದ್ರ ನೀವ ಮುಂದಿನ ಬುಧವಾರದಿಂದ ಬರಬ್ಯಾಡ್ರಿ" ಎಂದರು.

"ಆತ್ರಿ" ಎಂದರು ಬಾಯಾರು. "ಬುಧವಾರ ಬರಂಗಿಲ್ಲ."

ಮರುವಾರ ಗುರುವಾರ ಬಂದರು.

ಬಸ್ಸಿಗೆ ಬಂದರು. ಮೆಟ್ಟಿಲು ಅಷ್ಟೇ ಎತ್ತರವಿತ್ತು. ಬಗಲಲ್ಲಿ ಒಂದು ಮಣೆ, ಮಣೆಯ ಕೆಳಗೆ ನಾಲ್ಕು ಸಣ್ಣ ಗಾಲಿ; ಬೆಟಗೇರಿಯ ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿದ್ದಂತೆ. ಅದರ ಮೇಲೆ ಕುಳಿತರೆ ಮುಖ ಎಲೆಗೆ ಸರಿಸಮ ಬರುತ್ತಿತ್ತು. ಹಿಂದಿನಿಂದ ಶಿವಕ್ಕ ದೂಡಬೇಕು, ಬಾಯಾರು ಸಾಲಿನುದ್ದಕ್ಕೂ ಎಲೆ ಹೊಳ್ಳಿಸುತ್ತ ಹೋಗಬೇಕು. "ಜಲ್ದಿ ಬ್ಯಾಡಲೇ, ಇದೇನ್ ರೈಲೇನು?" ಎಂದು ಅವರು, "ನೀವ ಭಾರ ಅದೀರಿ, ನಾ ಏನ್ ಮಾಡ್ಲಿ?" ಎಂದು ಇವಳು. ಅವರು ಬಂದದ್ದನ್ನು ನಾನು ಮಾಲಕರಿಗೆ ಹೇಳಲಿಲ್ಲ. ಕೇಳಿದರೆ ಹೇಳಬೇಕಲ್ಲ ಎಂಬ ಚಿಂತೆಯಲ್ಲೇ ಆ ಬೇಸಿಗೆ ಕಳೆದೆ. ಮಾಲಕರು ಕೇಳಲಿಲ್ಲ.

ಪರದೆಗಳಲ್ಲಿ ಅರ್ಧ ಬಿಚ್ಚಿ ಮಾರಿದರು, ಅರ್ಧ ಉಳಿದವು. ಹುಳ ಕಂಡ ಪಟ್ಟಿಯನ್ನು ಅವತ್ತೇ ಕಿತ್ತು ಸುಡುವುದರಿಂದ ಮಾಲು ಕಡಿಮೆ ಹೋಗುತ್ತದೆ, ವಾಪಸು ಬರುವುದಿಲ್ಲ. ಹೆಂಗಸರು ಕೆಲಸವನ್ನು ಪಾಳಿ ಹಾಕಿಕೊಂಡು ಹಂಚಿಕೊಂಡರು. ಬಿಚ್ಚಿದ ಜಾಗದಲ್ಲಿ ಮಳೆ ಬಿದ್ದ ಮೇಲೆ ಅಸಲಿ ಹಕ್ಕರಕಿ ಎದ್ದಿತು, ಮೈತುಂಬ ತೂತು ಹೊತ್ತುಕೊಂಡು. ಅದನ್ನು ಯಾರೂ ವಾಪಸು ಕಳಿಸಿಲ್ಲ.

ಮರ್ಯಾದೆ ಮಾತ್ರ ಶಿವಕ್ಕನನ್ನು ಕೊನೆಯ ತನಕ ಬಿಡಲಿಲ್ಲ. ಒರೆಸುವುದನ್ನು ಬಿಟ್ಟಳು, ನಾಚುವುದನ್ನು ಬಿಡಲಿಲ್ಲ. ಬಾಯಾರು ಹಾಳೆಯ ಮುಂದೆ ನಿಂತರೆ ಅಂಟಿದ ಒಂದೊಂದು ಹುಳಕ್ಕೂ ಮಗ್ಗುಲಲ್ಲಿ ನಿಂತು ಸಬೂಬು ಹೇಳುವಳು: "ಇದ ನಿನ್ನೆರೆ ಬಂದೈತ್ರಿ. ಇದ ನಮ್ದಲ್ರಿ, ಬಾಜೂ ಹೊಲದ್ದು."

"ಇರ್ಲಿ ಬಿಡು" ಎನ್ನುವರು ಬಾಯಾರು. "ಇದ್ದದ್ದ ತೋರಿಸಿದ್ಯಲ್ಲ, ಅದಕ್ಕಿಂತ ಮರ್ಯಾದಿ ಯಾರೂ ನನಗ ಮಾಡಿಲ್ಲ."

ಮೊಣಕಾಲಿನ ಜೊತೆ ಎದೆಯೂ ಸೇರಿಕೊಂಡ ಮೇಲೆ ಬರುವುದು ನಿಂತಿತು. ಅವರು ತೀರಿಕೊಂಡ ಖಬರು ನಮಗೆ ಮುಟ್ಟಿದ್ದು ಮಣ್ಣಾದ ಮೇಲೆ. ಶಿವಕ್ಕನನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಚಿಂತೆ ಮಾಡಿ ತಯಾರಿಸಿದ್ದೆಲ್ಲ ಹೊಸ್ತಿಲಲ್ಲೇ ಮರೆತುಹೋಯಿತು. ಮಾತಾಡಿಸಲು ಬರುವವರಿಗಾಗಿ ಮನೆಯನ್ನು ಕನ್ನಡಿಯ ಹಾಗೆ ಇಟ್ಟಿದ್ದರು. ಪಡಸಾಲೆ ಸಾರಿಸಿತ್ತು, ಹಾಸಿದ ಚಾದರದಲ್ಲಿ ಒಂದು ಸುಕ್ಕಿರಲಿಲ್ಲ. ಗಾಲಿಯ ಮಣೆಯನ್ನೂ ಒರೆಸಿ ಗೋಡೆಗೆ ಆನಿಸಿದ್ದರು. ಅವರ ತಮ್ಮನ ಹೆಂಡತಿ ನಮಗೆ ಚಹಾ ಕೊಟ್ಟು ಹಿತ್ತಿಲಿಗೆ ಕರೆದೊಯ್ದಳು.

ಕರಿಬೇವಿನ ಗಿಡಕ್ಕೆ ಒಂದು ಹಳದಿ ಹಾಳೆ ತೂಗಹಾಕಿತ್ತು. ಎಷ್ಟು ದಿನದ್ದೋ. ನುಸಿ, ಹೇನು, ನೊಣ, ಧೂಳು ಅಂಟಿ ಹಳದಿ ಕಾಣದಷ್ಟು ಕಪ್ಪಾಗಿತ್ತು.

"ಇದೊಂದ ಮುಟ್ಟಿಲ್ರಿ" ಎಂದಳು ಆಕೆ, ತಾನೇ ತಪ್ಪು ಮಾಡಿದವಳಂತೆ. "ಮಂದಿ ಬರ್ತಾರ, ತಗದ ಬಿಡೋಣು ಅಂದ್ರ ನಮ್ಮ ಆಪಾ, ನಿಮ್ಮ ಬಾಯಾರು, ಹಾಸಿಗಿ ಹಿಡದಾಗ ಹೇಳಿದ್ರು, ಅದನ್ನ ಮಾತ್ರ ಒರಸಬ್ಯಾಡ್ರಿ ಅಂತ."

ಶಿವಕ್ಕನ ಕೈ ತನ್ನಷ್ಟಕ್ಕೇ ಸೆರಗಿಗೆ ಹೋಗಿತ್ತು. ಸೆರಗಿನ ತುದಿ ಹಾಳೆಯ ತನಕ ಬಂದು, ಅಲ್ಲೇ ನಿಂತಿತು. ಅವಳು ಸೆರಗು ಬಿಟ್ಟಳು. ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಹೊಳ್ಳಿಸಿ, ಬಗ್ಗಿ ನೋಡಿದಳು.

"ಈ ಕಡೆನೂ ಅದಾವ್ರಿ ಮ್ಯಾನೇಜರ" ಎಂದಳು.